ಗಮ್ಮ

ಹುರಿಗಡಲೆ, ಕಾಯಿ, ನಾಲ್ಕು ಹಸಿಮೆಣಸು.
ಅರ್ಧ ಅರೆದು, ಒಂದು ಸಲ ಗುಟುರಿ
ನಿಂತುಬಿಟ್ಟಿತು ಮಿಕ್ಸಿ.
ಸುಟ್ಟ ವಾಸನೆ. ಹೆಂಚಿನ ಮೇಲೆ ದೋಸೆ,
ಬಾಗಿಲಲ್ಲಿ ಸ್ಕೂಲಿನ ಆಟೋ.

'ಎಕ್ಸ್‌ಚೇಂಜಿಗೆ ಕೊಡು, ಐನೂರು ಬಿಡ್ತಾರೆ,
ನೂರಡಿ ರಸ್ತೇಲಿ ಬೋರ್ಡು ಹಾಕವ್ರೆ'
ಅಂದರು ನಮ್ಮನೆಯವರು, ಷರಟಿನ ಗುಂಡಿ ಹಾಕುತ್ತ.
ಸಕ್ಕರೆ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಮನುಷ್ಯ;
ಬಿಡುವ ಐನೂರು ಕಾಣುತ್ತದೆ,
ಕಟ್ಟುವ ಮೂರು ಸಾವಿರ ಕಾಣುವುದಿಲ್ಲ.

ಬಟ್ಟೆಚೀಲಕ್ಕೆ ತುಂಬಿ, ಕಂಕುಳಲ್ಲಿ ಅವುಚಿ
ಗುತ್ತಲು ರಸ್ತೆಗೆ ನಡೆದೆ.
ಜ್ವರದ ಕೂಸನ್ನು ಎತ್ತಿಕೊಂಡು ಹೋದ ಹಾಗೆ
ಅನ್ನಬೇಕೆಂದುಕೊಂಡೆ. ಸುಳ್ಳು.
ಕಲ್ಲಂಗಡಿ ಹೊತ್ತ ಹಾಗಿತ್ತು, ಅಷ್ಟೆ.

ಸಣ್ಣಾಚಾರಿಯ ಅಂಗಡಿಗೆ ಬೋರ್ಡಿಲ್ಲ.
ಬಾಗಿಲಿಗೆ ಫ್ಯಾನಿನ ರೆಕ್ಕೆಗಳ ತೋರಣ,
ಮೂಗು ಮೇಲೆತ್ತಿ ಕೂತ ಇಸ್ತ್ರಿಪೆಟ್ಟಿಗೆಗಳು,
ಹಳೆ ಗೀಸರಿನ ಹೊಟ್ಟೆಯೊಳಗೆ ಮಲಗಿದ ಬೆಕ್ಕು.
ನಾಲ್ಕು ತಿರುಪು ಬಿಚ್ಚಿ ಮಗುಚಿದ:
ಹನ್ನೊಂದು ವರ್ಷದ ನನ್ನ ಅಡುಗೆಮನೆ
ಪೇಪರಿನ ಮೇಲೆ ಸುರಿಯಿತು—
ಮೆಂತ್ಯ, ಬೆಳ್ಳುಳ್ಳಿ ಸಿಪ್ಪೆ, ಒಣಗಿದ ಜಿರಲೆ,
ಮಗಳ ಹಾಲುಹಲ್ಲೇ ಇದು? ಅಲ್ಲ, ಅಕ್ಕಿಕಾಳು.
ನಾಚಿಕೆಯಾಯಿತು.

'ಎಲ್ಲಾರ ಮನೇದೂ ಇಂಗೇಯ ಕಣಕ್ಕ.
ಮೋಟ್ರು ಗಟ್ಟಿ ಅದೆ. ಬ್ರಷ್ಷು ಸವ್ದದೆ,
ಕಪ್ಲರು ಮುರ್ದದೆ, ಜಾರು ಸೋರ್ತದೆ.
ಇಷ್ಟುಕ್ಕೆಲ್ಲ ಮಣ್ಣಿಗ್ ಹಾಕ್ತೀವಾ
ಬದ್ಕಿರೋದ್ನ?'

ಸತ್ತ ಇನ್ನೊಂದರ ಅಡಿಯಿಂದ
ಕಪ್ಪು ಹಲ್ಲಿನ ಚಕ್ರ ಕಿತ್ತು ಇದಕ್ಕೆ ಕೂರಿಸಿದ.
ಮೂಲೆಯಲ್ಲಿ ವೈರಿನ ಗುಡ್ಡೆ.
ನಾಲೆ ಏರಿಯ ಮೇಲೆ ಹುಡುಗರು ಸುಡುತ್ತಿದ್ದರಂತೆ
ಒಳಗಿನ ತಾಮ್ರದ ಆಸೆಗೆ. ಹಸಿರು ಬೆಂಕಿ, ಕರಿ ಹೊಗೆ,
ಊರಿಗೆಲ್ಲ ಕೆಮ್ಮು.
ಈಗ ಅದೇ ಹುಡುಗರ ಕೈಗೆ ಬ್ಲೇಡು ಕೊಟ್ಟು
ಕಬ್ಬಿನ ಸಿಪ್ಪೆ ಸುಲಿದ ಹಾಗೆ ಸುಲಿಸುತ್ತಾನೆ.
'ಸುಟ್ರೆ ಬ್ಯಾಗ, ಸುಲುದ್ರೆ ತಡ.
ಆಗ್ಲಿ ಬುಡಿ, ಮೈಸೂರ್ ರೈಲ್ ಹಿಡೀಬೇಕಾ?'

ಜಾರು ಮಾತ್ರ ಬೇರೆಯದೇ ಬೇಕಾಯಿತು.
ರಾಶಿಯೊಳಗೆ ಮೊಳಕೈ ಮುಳುಗಿಸಿ
ಎಳೆದ ಒಂದು ಸ್ಟೀಲಿನದು.
'ಸೆಕೆಂಡ್ಸು. ಇನ್ನೂರು ಕೊಡಿ.'
ಯಾರ ಮದುವೆಗೋ ಬಂದ ಮುಯ್ಯಿ;
ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು.
ಹೆಬ್ಬೆರಳು ಕೂರುವ ಜಾಗದಲ್ಲಿ
ಮೊದಲ ಅಕ್ಷರ ಸವೆದು ಹೋಗಿ
ಉಳಿದದ್ದು: ಗಮ್ಮ.

ನಿಂ? ನಾ? ರಂ? ಗಂ?
ಆಚಾರಿಗೂ ಗೊತ್ತಿಲ್ಲ.
'ಮದ್ದೂರ್ ಕಡೆಯಿಂದ ಬಂದ ಲೋಡು.'

ಮಾರನೆಯ ದಿನ ನಾನೇ ಅಟ್ಟದ ಡಬ್ಬ ಇಳಿಸಿದೆ.
ಟೀವಿ ಹೋದ ಮೇಲೂ ಉಳಿದ ಮೂರು ರಿಮೋಟು,
ಇಲಿ ಕಡಿದ ಚಾರ್ಜರು, ಮಾವನ ರೇಡಿಯೋ,
ಊದಿಕೊಂಡ ಬ್ಯಾಟರಿ, ಸುರುಳಿ ಬಲ್ಬು ಆರು.
ಬಿಸಾಡಲು ಮನಸ್ಸಿಲ್ಲ, ಬಳಸಲು ಬಾರದು.
ಅಟ್ಟವೆಂದರೆ
ತೀರ್ಪಾಗದ ಕೇಸುಗಳ ಕೋರ್ಟು.

ರೇಡಿಯೋ ಕಿವಿಗೆ ಹಿಡಿದು ಅಲ್ಲಾಡಿಸಿ
ಪಕ್ಕಕ್ಕೆ ಇಟ್ಟುಕೊಂಡ.
ಬಲ್ಬು, ಬ್ಯಾಟರಿ ಕಂಡು ಕೈ ಹಿಂದೆಳೆದ:
'ಇದ್ರಾಗೆ ಪಾದರಸ, ಅದ್ರಾಗೆ ಬೆಂಕಿ. ನನ್ ಕೈಲಾಗಲ್ಲ.
ಒಡೀದಂಗೆ ಮಡಗಿರ್ತೀನಿ,
ತಿಂಗ್ಳಿಗೊಂದಪ ಗಾಡಿ ಬತ್ತದೆ, ಬಲ್ಲೋರ್ ತಾವ ಹೋಗ್ಲಿ.'
ಆಗುವುದಿಲ್ಲ ಎಂದ ಆ ಕೈಯನ್ನು
ಆಗಲೇ ಸರಿಯಾಗಿ ನೋಡಿದ್ದು ನಾನು.
ಎಡ ತೋರುಬೆರಳಿಗೆ ಉಗುರಿಲ್ಲ.

'ಪಾಲಿಶ್ ಹಾಕಿಸು, ನಿನ್ನ ಹೆಸರು ಕೊರೆಸು'
ಅಂದರು ಇವರು. ಬೇಡವೆಂದೆ.
ದಿನಕ್ಕೊಂದು ಅಕ್ಷರ ಹಚ್ಚುತ್ತೇನೆ ಅವಳಿಗೆ.
ರಂಗಮ್ಮನಾದ ದಿನ ಸಾರಿಗೆ ಮೆಣಸು ಹೆಚ್ಚು,
ನಿಂಗಮ್ಮನಾದ ದಿನ ಹುಚ್ಚೆಳ್ಳು ಚಟ್ನಿ.
ತೀರಿಕೊಂಡಳೋ, ಹೊಸದು ಕೊಂಡಳೋ,
ಮಗಳ ಮನೆಯಲ್ಲಿ ಕೂತು ಯಾರೋ ಅರೆದದ್ದಕ್ಕೆ
ಉಪ್ಪು ಸಾಲದೆನ್ನುತ್ತಾಳೋ.
ಅವಳ ಹೆಬ್ಬೆರಳು ಕೂತಲ್ಲೇ
ನನ್ನದೂ ಕೂರುತ್ತದೆ.

ಮೂರನೆಯ ಸ್ಪೀಡು ಬರಲೇ ಇಲ್ಲ.
ಎರಡರಲ್ಲೇ ಆಗುತ್ತದೆ, ಕೊಂಚ ತರಿತರಿ.
ಇವತ್ತು ಪಕ್ಕದ ಮನೆ ಜಯಶೀಲ
ಕಾಂಪೌಂಡಿನ ಮೇಲಿಂದ ಕತ್ತು ಚಾಚಿ
'ಏನಕ್ಕ ಅದು, ಗಮ್ಮಂತದೆ?' ಅಂದಳು.

ಹೂಂ, ಅವಳೇ
ಅಂದೆ.